ಉಚ್ಚೆಂಗೆಮ್ಮನ ತುರಿಕೆ

ಸಿರುಗುಪ್ಪದಲ್ಲಿ ಆಗ ಅರ್ಧ ಊರು ಉಚ್ಚೆಂಗೆಮ್ಮನ ಕೈಯಲ್ಲೇ ಕಣ್ಣು ಬಿಟ್ಟಿತ್ತು. ಆಕೆ ಸೂಲಗಿತ್ತಿ. ಇಪ್ಪತ್ತೆರಡು ವರ್ಷದಿಂದ ಆಕೆ ಕಾಲಿಡದ ಕೇರಿಯಿಲ್ಲ, ಬಾಣಂತಿಗೆ ನೀರೆರೆಯದ ಬಚ್ಚಲಿಲ್ಲ. ಸಂತೆಯಲ್ಲಿ ಮೀಸೆ ಬಂದ ಗಂಡಸು ಯಾರಾದರೂ ಜೋರು ಮಾಡಿದರೆ, “ಲೇ, ನಿನ್ನ ಕಾಲು ಹಿಡಿದು ತಲಿಕೆಳಗ ಮಾಡಿ ಅಳಿಸಿದಾಕಿ ನಾನು, ನನ್ನ ಮುಂದ ದನಿ ಏರಿಸ್ತೀ?” ಎಂದುಬಿಡುತ್ತಿದ್ದಳು.

ಇಂಥ ಉಚ್ಚೆಂಗೆಮ್ಮ, ಸಾವಿರದೊಂಬೈನೂರ ಐವತ್ತೊಂದನೆಯ ಇಸವಿಯ ಬೇಸಿಗೆಯಲ್ಲಿ, ತನ್ನ ಒಬ್ಬಳೇ ಮಗಳನ್ನು ಚೊಚ್ಚಲ ಹೆರಿಗೆಗೆ ತವರಿಗೆ ಕರೆತರದೆ ಕೂತುಬಿಟ್ಟಳು.

ಮಗಳು ಹೊನ್ನೂರಮ್ಮನನ್ನು ಕುರುಗೋಡಿಗೆ ಕೊಟ್ಟಿತ್ತು. ಏಳು ತಿಂಗಳು ತುಂಬಿ ಎಂಟರಲ್ಲಿ ನಡೆಯುತ್ತಿತ್ತು. ಏಳರಲ್ಲಿ ತವರಿನವರು ಊಟದ ಬುಟ್ಟಿ ಹೊತ್ತುಕೊಂಡು ಹೋಗಿ, ಕುಬಸದ ಶಾಸ್ತ್ರ ಮಾಡಿ, ಹಸಿರು ಸೀರೆ ಉಡಿಸಿ, ಹಸಿರು ಬಳೆ ತೊಡಿಸಿ ಬಸುರಿಯನ್ನು ಕರೆದುಕೊಂಡು ಬರಬೇಕು. ಇದನ್ನು ಉಚ್ಚೆಂಗೆಮ್ಮನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಆದರೂ ಆಕೆ ಮೊದಲು ಮಾಳಿಗೆಗೆ ಮಣ್ಣು ಹಾಕಿಸಬೇಕೆಂದು ಹೇಳಿ ಕಳಿಸಿದಳು. ಆಮೇಲೆ ಗಂಡ ದೊಡ್ಡಬಸಪ್ಪನಿಗೆ ಜ್ವರ ಎಂದಳು. ಪಾಪ, ಆತ ಗುಂಡುಕಲ್ಲಿನಂತೆ ಗದ್ದೆಯಲ್ಲಿ ಕೆಲಸ ಮಾಡಿಕೊಂಡಿದ್ದ. ಕೊನೆಗೆ ಎಮ್ಮೆ ಈಯುತ್ತದೆ, ಬಿಟ್ಟು ಬರಲಿಕ್ಕಾಗದು ಎಂದಳು.

ಎಮ್ಮೆಯ ಮಾತು ಕೇಳಿ ಬೀಗತಿ ಪಾರಮ್ಮನಿಗೆ ಮೈಯೆಲ್ಲ ಉರಿದುಹೋಯಿತು. ಹೊನ್ನೂರಮ್ಮನ ಅತ್ತೆಯಾದ ಈ ಪಾರಮ್ಮ ಹೇಳಬೇಕಾದ್ದನ್ನು ನುಂಗಿ ಗೊತ್ತಿಲ್ಲದ ಹೆಂಗಸು. ಮಗ ಚಂದ್ರಣ್ಣನನ್ನೇ ಸಿರುಗುಪ್ಪಕ್ಕೆ ಅಟ್ಟಿದಳು. ಅವನು ಅತ್ತೆಯ ಮುಂದೆ ನಿಂತು, ತಲೆ ತಗ್ಗಿಸಿ, ತಾಯಿಯ ಮಾತನ್ನು ಅಕ್ಷರ ಬಿಡದೆ ಒಪ್ಪಿಸಿದ.

“ಎಮ್ಮಿ ಬಾಣಂತನ ಮಾಡಾಕ ಪುರಸೊತ್ತು ಐತಿ, ಮಗಳ ಬಾಣಂತನಕ್ಕ ಇಲ್ಲೇನು ಅಂತ ಕೇಳ್ಯಾಳ್ರೀ ಅವ್ವ. ಶುಕ್ರವಾರ ಬಳ್ಳಾರಿ ಬ್ರೂಸ್‌ಪೇಟ್ಯಾಗ ಸೀರಿ ಅಂಗಡಿ ಮುಂದ ನಿಂತಿರತಾಳಂತ. ನೀವು ಬರದಿದ್ರ ತಾನ ಸೀರಿ ಕೊಂಡು ನಿಮ್ಮ ಹೆಸರಿಲೆ ಉಡಿಸಿ, ಊರೆಲ್ಲ ಸಾರಿ ಬರ್ತಾಳಂತ.”

ಇಷ್ಟು ಹೇಳಿ ಮುಗಿಸುವಷ್ಟರಲ್ಲಿ ಚಂದ್ರಣ್ಣನಿಗೆ ಬೆವರಿಳಿದಿತ್ತು. ಉಚ್ಚೆಂಗೆಮ್ಮ “ಬರ್ತೀನಿ ಅಂತ ಹೇಳಪ್ಪಾ” ಎಂದು ಒಳಗೆ ಹೋದವಳು, ಅಡಿಗೆಮನೆಯ ಮೂಲೆಯಲ್ಲಿ ಕೂತು ಎರಡೂ ಕೈಗಳನ್ನು ಪರಪರ ಕೆರೆದುಕೊಂಡಳು. ರಕ್ತ ಜಿನುಗಿದ ಮೇಲೇ ನಿಲ್ಲಿಸಿದ್ದು.

ಮಾಳಿಗೆ, ಜ್ವರ, ಎಮ್ಮೆ ಎಲ್ಲ ನೆಪ. ನಿಜವಾದ ಸಂಗತಿ ಈ ಕೈಗಳು.

ಹಿಂದಿನ ದೀಪಾವಳಿಯ ಹೊತ್ತಿಗೆ ದುರುಗಣ್ಣನೆಂಬವನ ಹೆಂಡತಿ ಈರಮ್ಮನ ಹೆರಿಗೆಗೆ ಉಚ್ಚೆಂಗೆಮ್ಮ ಹೋಗಿದ್ದಳು. ದುರುಗಣ್ಣನಿಗೆ ದೊಡ್ಡರೋಗ. ಕುಷ್ಠವೆಂಬ ಮಾತನ್ನು ಊರಲ್ಲಿ ಯಾರೂ ಬಾಯಿಬಿಟ್ಟು ಆಡುತ್ತಿರಲಿಲ್ಲ. ದೊಡ್ಡರೋಗ ಎಂದರೇ ಎಲ್ಲರಿಗೂ ತಿಳಿಯುತ್ತಿತ್ತು. ಹೆಂಡತಿ ಬಸುರಿಯಾದ ಮೇಲೆ ಕಾಣಿಸಿಕೊಂಡದ್ದು. ಅವನು ಹಿತ್ತಲಲ್ಲೊಂದು ಗುಡಿಸಲು ಹಾಕಿಕೊಂಡು ಬೇರೆಯೇ ಇದ್ದ. ಬೇರೆ ಸೂಲಗಿತ್ತಿಯರು ಆ ಮನೆಗೆ ಬರಲೊಪ್ಪಲಿಲ್ಲ, ಉಚ್ಚೆಂಗೆಮ್ಮ ಹೋದಳು. ಹೆರಿಗೆ ಸುಸೂತ್ರವಾಯಿತು, ಗಂಡು ಕೂಸು. ಸೂಲಗಿತ್ತಿಗೆ ಮನೆಯ ಯಜಮಾನ ಮೊರದಲ್ಲಿ ಜೋಳ, ತೆಂಗಿನಕಾಯಿ, ಕುಪ್ಪಸದ ಕಣ ಇಟ್ಟು ಕೊಡುವ ಪದ್ಧತಿ. ದುರುಗಣ್ಣ ಮೊರವನ್ನು ನೆಲದ ಮೇಲಿಟ್ಟು ನಾಲ್ಕು ಹೆಜ್ಜೆ ಹಿಂದೆ ಸರಿದು ನಿಂತ.

“ನೆಲದ ಮ್ಯಾಗಿನ ಮೊರ ನಾ ಎತ್ತಂಗಿಲ್ಲಪಾ” ಎಂದಳು ಉಚ್ಚೆಂಗೆಮ್ಮ. “ಇಷ್ಟು ವರ್ಸದಾಗ ಎತ್ತಿಲ್ಲ. ಕೊಡಾದಿದ್ರ ಕೈಯಾಗ ಕೊಡು.”

“ಬ್ಯಾಡವಾ. ನನ್ನ ಕೈ ಹೆಂಗೈತಿ ನಿನಗ ಗೊತ್ತಲ್ಲ.”

“ಮಗನ ಅಪ್ಪ ಆಗೀದಿ, ಕೊಡು ಇತ್ಲಾಗ.”

ಕೊಟ್ಟ. ಕೊಡುವಾಗ ಅವನ ಬೆರಳು ಆಕೆಯ ಮುಂಗೈಗೆ ತಾಗಿತು. ಆಗ ಉಚ್ಚೆಂಗೆಮ್ಮನಿಗೆ ಏನೂ ಅನ್ನಿಸಲಿಲ್ಲ. ಅನ್ನಿಸಿದ್ದರೆ ಒಂದಿಷ್ಟು ಹೆಮ್ಮೆಯೇ. ಸರಿಯಾಗಿ ಒಂದೂವರೆ ತಿಂಗಳ ಮೇಲೆ, ಬೆರಳು ತಾಗಿದ ಕಡೆಯೇ, ಎಂಟಾಣೆ ಬಿಲ್ಲೆಯಷ್ಟಗಲ ಕೆಂಪಗೆ ಎದ್ದಿತು. ಹೆಮ್ಮೆಯೆಲ್ಲ ಇಳಿದುಹೋಗಿ, ದೊಡ್ಡರೋಗವೇ ಬಂತು ಎಂದುಕೊಂಡಳು.

ಅಂದಿನಿಂದ ಆಕೆ ಮಾಡಿದ್ದೇ ತಪ್ಪು, ಅದೂ ಸೂಲಗಿತ್ತಿ ಮಾತ್ರ ಮಾಡಬಹುದಾದ ತಪ್ಪು. ಕೂಸನ್ನು ಮುಟ್ಟುವ ಕೈ ಚೊಕ್ಕಟವಿರಬೇಕು ಎಂಬುದು ಆಕೆಯ ಮೊದಲ ಪಾಠ. ಹಾಗಾಗಿ ತೊಳೆದಳು. ಅಗಸರು ಬಟ್ಟೆ ಒಗೆಯುವ ಚೌಳು ಮಣ್ಣು ತಂದು ಉಜ್ಜಿದಳು, ಬೂದಿಯಲ್ಲಿ ತಿಕ್ಕಿದಳು, ತಡೆಯುವಷ್ಟು ಬಿಸಿನೀರಲ್ಲಿ ಕೈ ಅದ್ದಿ ಕೂತಳು. ದಿನಕ್ಕೆ ಹತ್ತು ಸಲ, ಹದಿನೈದು ಸಲ. ತೊಳೆದಷ್ಟೂ ಕೈ ಒಡೆಯಿತು, ಒಡೆದಷ್ಟೂ ಹೆದರಿಕೆ ಹೆಚ್ಚಿತು, ಹೆದರಿದಷ್ಟೂ ತುರಿಸಿತು, ತುರಿಸಿದಾಗ ಮತ್ತೆ ತೊಳೆದಳು. ಬೆರಳ ಸಂದು, ಮುಂಗೈ, ಮೊಣಕೈವರೆಗೂ ಹಬ್ಬಿ ನೀರು ಒಸರತೊಡಗಿತು. ಗಂಡನಿಗೆ ಒಲೆಯ ಕಾವು ತಾಗಿದೆ ಎಂದಳು. ಹೆರಿಗೆಗೆ ಕರೆಯಲು ಬಂದವರಿಗೆ ಸೊಂಟನೋವು ಎಂದು ಹೇಳಿ ನೆರೆಯ ಎರ್ರಮ್ಮನನ್ನು ಕಳಿಸತೊಡಗಿದಳು. ದುರುಗಣ್ಣನ ಓಣಿಯನ್ನಂತೂ ಬಿಟ್ಟೇಬಿಟ್ಟಳು. ತಾನೇ ಹೆರಿಗೆ ಮಾಡಿಸಿದ ಆ ಕೂಸು ಮಗುಚಿತೋ ಅಂಬೆಗಾಲಿಟ್ಟಿತೋ, ನೋಡಲಿಲ್ಲ.

ಊರ ಜನ ಬೇರೆ ಸೂಲಗಿತ್ತಿಯನ್ನು ಹುಡುಕಿಕೊಂಡಾರು. ಆದರೆ ಮಗಳು? ಹೊನ್ನೂರಮ್ಮ ಬಂದು, ನೋವು ಹತ್ತಿ, ‘ಯವ್ವಾ’ ಎಂದು ಕೈಚಾಚಿದರೆ ಈ ಕೈಯನ್ನು ಕೊಡುವುದೇ? ಕೂಸಿನ ಮೆತ್ತನೆಯ ತಲೆಯನ್ನು ಈ ಕೈಯಲ್ಲಿ ಹಿಡಿಯುವುದೇ? ಅದಕ್ಕಿಂತ ಮಗಳು ತನ್ನನ್ನು ಕಟುಕಿ ಎಂದುಕೊಂಡರೂ ಚಿಂತೆಯಿಲ್ಲ ಎಂದು ಆಕೆ ಗಟ್ಟಿ ಮಾಡಿಕೊಂಡಿದ್ದಳು. ಹಾಗೆ ಗಟ್ಟಿ ಮಾಡಿಕೊಂಡ ಮೇಲೆ ಸೆರಗು ಬಾಯಿಗೆ ತುರುಕಿಕೊಂಡು ಅತ್ತದ್ದು ಎಷ್ಟು ಸಲವೋ.

ಶುಕ್ರವಾರ ಬೆಳಗಿನ ಬಸ್ಸಿಗೆ ಬಳ್ಳಾರಿಗೆ ಹೋದಳು. ಎರಡೂ ಕೈಗೆ ಹಳೆಯ ಬಟ್ಟೆಯ ಪಟ್ಟಿ ಸುತ್ತಿ, ಮೇಲೆ ಸೆರಗು ಹೊದ್ದು, ಆ ಬಿಸಿಲಲ್ಲಿ ಚಳಿ ಹತ್ತಿದವಳಂತೆ ಕೂತಿದ್ದಳು. ಸೀರೆ ಕೊಡಿಸಿ, ಕುಬಸ ನೀವೇ ಮಾಡಿಕೊಳ್ಳಿ, ಹೆರಿಗೆ ಅಲ್ಲೇ ಆಗಲಿ ಎಂದು ಹೇಳಿ, ಬೈಸಿಕೊಂಡು ವಾಪಸು ಬಂದುಬಿಡುವುದು ಆಕೆಯ ಲೆಕ್ಕ.

ಪಾರಮ್ಮ ಅಂಗಡಿಯ ಮುಂದೆ ಎಲೆ-ಅಡಿಕೆ ಮೆಲ್ಲುತ್ತ ನಿಂತಿದ್ದಳು. ಬೈಯಲು ಸಿದ್ಧರಾಗಿ ಬಂದವರು ಮೊದಲು ಬಹಳ ಮರ್ಯಾದೆ ಕೊಡುತ್ತಾರೆ.

“ಬರ್ರಿ ಬೀಗತಿ, ಬರ್ರಿ. ಎಮ್ಮಿ ಆರಾಮ ಐತ್ರೇನು?”

“ಐತ್ರೀ.”

“ಕರ ಹೆಣ್ಣೋ ಗಂಡೋ?”

ಉಚ್ಚೆಂಗೆಮ್ಮ ಅಂಗಡಿ ಹತ್ತಿದಳು. ಸೀರೆಯನ್ನು ಮುಟ್ಟಿ ನೋಡಲಿಲ್ಲ. ಮೂಗಿನಿಂದ ತೋರಿಸಿ “ಅದು” ಎಂದಳು. ಇದು ಪಾರಮ್ಮನಿಗೆ ಗರ್ವವಾಗಿ ಕಂಡಿತು. ಅಲ್ಲಿಂದ ಪಕ್ಕದ ಓಣಿಯ ಬಳೆ ಅಂಗಡಿಗೆ ನಡೆದರು. ಬಳೆಗಾರ ಅಳತೆ ಕೇಳಿದ. ಪಾರಮ್ಮ ಸಹಜವಾಗಿ, “ನಮ್ಮ ಸೊಸಿ ಕೈ ಅವರವ್ವನ ಕೈಯಂಗ ಐತಪ್ಪಾ. ಈಕಿ ಕೈಗೇ ಅಳತಿ ನೋಡಿ ಕೊಡು” ಎಂದು ಬೀಗತಿಯ ಸೆರಗಿನ ಮೇಲಿಂದಲೇ ಕೈ ಹಿಡಿದು ಮುಂದೆ ಎಳೆದಳು.

“ಬ್ಯಾಡ, ಬಿಡ್ರಿ” ಎಂದು ಉಚ್ಚೆಂಗೆಮ್ಮ ಜಗ್ಗಿದಳು. ಸೆರಗು ಜಾರಿತು, ಪಟ್ಟಿ ಬಿಚ್ಚಿಕೊಂಡಿತು. ಸೀಳಿದ, ಒಸರುವ, ಕೆಂಪು ಮುಂಗೈ ಹಗಲ ಬೆಳಕಿನಲ್ಲಿ, ಹಸಿರು ಬಳೆಗಳ ಸಾಲಿನ ಮೇಲೆ, ಎಲ್ಲರಿಗೂ ಕಂಡಿತು. ಬಳೆಗಾರ ಕೈ ಹಿಂದಕ್ಕೆ ತೆಗೆದುಕೊಂಡ. ಪಾರಮ್ಮನೂ ಒಂದು ಹೆಜ್ಜೆ ಹಿಂದೆ ಸರಿದಳು. ಅದನ್ನು ಮುಚ್ಚಿಡುವುದೇಕೆ, ಸರಿದಳು.

ಉಚ್ಚೆಂಗೆಮ್ಮ ಓಣಿಗಿಳಿದು, ಗೋಡೆಗೆ ಮುಖ ಮಾಡಿ ನಿಂತು ಒಂದೇ ಉಸಿರಿಗೆ ಹೇಳಿದಳು.

“ದೊಡ್ಡರೋಗ ಬಂದೈತ್ರೀ ನನಗ. ದುರುಗಣ್ಣನ ಕೈಯಿಂದ ಮೊರ ಇಸಗೊಂಡೆ, ಬಂತು. ಎಮ್ಮಿ ಈಯಂಗಿಲ್ಲ, ಏನೂ ಇಲ್ಲ. ಮಗಳ್ನ ಮುಟ್ಟಾಕ ಹೆದರಿ ಕರಿಯಾಕ ಬರಲಿಲ್ಲ. ನೀವು ಬ್ಯಾರೆ ಸೂಲಗಿತ್ತಿ ನೋಡ್ರಿ. ಆಕಿಗೆ ಮಾತ್ರ ಹೇಳಬ್ಯಾಡ್ರಿ, ನಿಮ್ಮ ಕಾಲಿಗೆ ಬೀಳ್ತೀನಿ.”

ಪಾರಮ್ಮನ ಬಾಯಲ್ಲಿದ್ದ ಎಲೆ-ಅಡಿಕೆ ಅಲ್ಲೇ ನಿಂತಿತು. ಕುರುಗೋಡಿನಿಂದ ಕಟ್ಟಿಕೊಂಡು ಬಂದ ಬೈಗುಳಗಳಲ್ಲಿ ಒಂದೂ ಉಪಯೋಗಕ್ಕೆ ಬರುವಂತಿರಲಿಲ್ಲ. ಎಲೆ-ಅಡಿಕೆ ಉಗುಳಿ ಬಂದು, ಬೀಗತಿಯ ರಟ್ಟೆ ಹಿಡಿದಳು.

“ಯಾವ ಡಾಕ್ಟರು ಹೇಳ್ಯಾನ?”

“ಯಾರಿಗೂ ತೋರಿಸಿಲ್ರಿ. ತೋರಿಸಿದ್ರ ಊರಿಗೆಲ್ಲ ಗೊತ್ತಾಗಂಗಿಲ್ಲೇನು?”

“ತೋರಿಸದ ನಿನಗ ನೀನ ಡಾಕ್ಟರಾಗೀಯೇನು? ನಡಿ ಯಕ್ಕಾ, ಕಂಟೋನ್ಮೆಂಟಿಗೆ. ನಮ್ಮ ಯಜಮಾನ್ರ ಕಾಲು ಕೊಳಿಯಾಕತ್ತಿತ್ತು, ಆ ಡಾಕ್ಟರು ಉಳಿಸಿಕೊಟ್ರು. ಬಂದದ್ದು ಬಂದೈತಿ, ಕಣ್ಣಿಲೆ ನೋಡಿ ಹೇಳ್ಲಿ.”

ಆ ಹೊತ್ತಿನಲ್ಲಿ ‘ನೀವು’ ಹೋಗಿ ‘ಯಕ್ಕಾ’ ಬಂದದ್ದು ಇಬ್ಬರ ಗಮನಕ್ಕೂ ಬರಲಿಲ್ಲ. ಜಟಕಾ ಹತ್ತಿದರು. ದಾರಿಯುದ್ದಕ್ಕೂ ಉಚ್ಚೆಂಗೆಮ್ಮ ಒಂದು ಮೂಲೆಗೆ ಮುದುಡಿ ಕೂತಿದ್ದಳು, ಪಾರಮ್ಮ ಹಟ ಹಿಡಿದವಳಂತೆ ಒತ್ತಿಕೊಂಡು ಕೂತಿದ್ದಳು.

ಡಾಕ್ಟರು ತೆಲುಗಿನವರು, ವಯಸ್ಸಾದವರು, ಯುದ್ಧದ ಕಾಲದಲ್ಲಿ ದಂಡಿನ ಆಸ್ಪತ್ರೆಯಲ್ಲಿ ಕೆಲಸ ಮಾಡಿದವರು. ಉಚ್ಚೆಂಗೆಮ್ಮ ದುರುಗಣ್ಣನ ಮೊರದ ಸಂಗತಿ, ಚೌಳು ಹಾಕಿ ತಿಕ್ಕಿದ್ದು ಹೇಳಿದಳು, ಅವರು ಹೆಚ್ಚು ಕೇಳಲಿಲ್ಲ. ಕಿಟಕಿಯ ಹತ್ತಿರ ಕೂರಿಸಿ, ಪಟ್ಟಿ ಬಿಚ್ಚಿ, ಕೈಯನ್ನು ತಮ್ಮ ಬರಿಗೈಯಲ್ಲೇ ಹಿಡಿದುಕೊಂಡು ನೋಡಿದರು. ಅರ್ಧ ವರ್ಷದಿಂದ ಆ ಕೈಯನ್ನು ಇನ್ನೊಬ್ಬರು ಹಿಡಿದಿರಲಿಲ್ಲ.

“ಏಮಮ್ಮಾ, ತುರಿಸುತ್ತಾ?”

“ತುರಿಸ್ತೈತ್ರೀ. ಜೀವ ಹೋಗೋ ಹಂಗ ತುರಿಸ್ತೈತಿ.”

“ಕಣ್ಣು ಮುಚ್ಚು. ನಾನು ಎಲ್ಲಿ ಮುಟ್ಟುತ್ತೀನೋ ಅಲ್ಲಿ ಬೆರಳಿಡು.”

ಒಂದು ಎಳೆ ಹತ್ತಿಯನ್ನು ಹೊಸೆದು, ತುದಿಯಿಂದ ಮುಂಗೈಯ ಮೇಲೆ ಸೋಕಿಸಿದರು. ಉಚ್ಚೆಂಗೆಮ್ಮ ಬೆರಳಿಟ್ಟಳು. ಬೆರಳ ಸಂದಿಯಲ್ಲಿ ಸೋಕಿಸಿದರು, ಅಲ್ಲಿಟ್ಟಳು. ಮೊಣಕೈ ಹತ್ತಿರ, ಅಲ್ಲೂ ಇಟ್ಟಳು. ಹೆರುವವಳ ಹೊಟ್ಟೆಯ ಮೇಲೆ ಕೈಯಿಟ್ಟು ಒಳಗಿನ ಕೂಸಿನ ತಲೆ ಎಲ್ಲಿದೆ ಎಂದು ಹೇಳುವವಳಿಗೆ ಹತ್ತಿಯ ಎಳೆ ಯಾವ ಮಹಾ! ಆಮೇಲೆ ಎರಡು ಗಾಜಿನ ನಳಿಗೆಗಳಲ್ಲಿ ಬಿಸಿನೀರು, ತಣ್ಣೀರು ತುಂಬಿ ಮುಟ್ಟಿಸಿದರು. ಬಿಸಿ ಎಂದಳು, ತಣ್ಣಗೆ ಎಂದಳು, ಒಮ್ಮೆಯೂ ತಪ್ಪಲಿಲ್ಲ.

ಡಾಕ್ಟರು ನಳಿಗೆಗಳನ್ನು ಕೆಳಗಿಟ್ಟರು.

“ಆ ರೋಗ ಅಲ್ಲಮ್ಮಾ ಇದು. ಆ ರೋಗ ಇದ್ದರೆ ಆ ಜಾಗದಲ್ಲಿ ಸ್ಪರ್ಶ ಸತ್ತಿರುತ್ತೆ. ಮುಟ್ಟಿದರೂ ತಿಳಿಯೋದಿಲ್ಲ, ಸುಟ್ಟರೂ ತಿಳಿಯೋದಿಲ್ಲ. ಹೀಗೆ ತುರಿಸೋದಿಲ್ಲ. ನಿನ್ನ ಕೈಗೆ ಜೀವ ಇರಬೇಕಾದ್ದಕ್ಕಿಂತ ಜಾಸ್ತಿ ಇದೆ.”

ಉಚ್ಚೆಂಗೆಮ್ಮ ನಂಬಲಿಲ್ಲ. “ಇನ್ನೊಂದ್ಸಲ ನೋಡ್ರಿ” ಎಂದು ತಾನೇ ಕಣ್ಣು ಮುಚ್ಚಿ ಕೈ ಚಾಚಿದಳು. ಡಾಕ್ಟರು ನಕ್ಕು ಇನ್ನೊಮ್ಮೆ ಹತ್ತಿ ಸೋಕಿಸಿದರು. ಮೂರನೆಯ ಸಲಕ್ಕೂ ಒಡ್ಡಿದಾಗ ಪಾರಮ್ಮ, “ಎಷ್ಟ್ ಸಲ ನೋಡ್ಬೇಕು ಯಕ್ಕಾ, ಅವರಿಗೂ ಬ್ಯಾರೆ ಮಂದಿ ಅದಾರ” ಎಂದಳು. ಹೇಳಿದವಳ ದನಿಯೇ ಒಡೆದಿತ್ತು. ಎರಡು ಜೀವಗಳು ಅಲ್ಲೇ, ಔಷಧದ ವಾಸನೆಯ ಆ ಕೋಣೆಯಲ್ಲಿ, ಒಬ್ಬರನ್ನೊಬ್ಬರು ಹಿಡಿದುಕೊಂಡು ಅತ್ತುಬಿಟ್ಟವು. ಎದೆಯ ಮೇಲಿಂದ ಬೀಸುಕಲ್ಲು ಇಳಿಸಿದಂತಾಗಿತ್ತು ಉಚ್ಚೆಂಗೆಮ್ಮನಿಗೆ. ಮೊದಲ ಸಲ ಪೂರ್ತಿ ಉಸಿರು ಒಳಗೆ ಹೋಯಿತು.

ಅಳು ನಿಂತ ಮೇಲೆ ಡಾಕ್ಟರು ಕೇಳಿದರು: “ಮೊದಲು ಯಾವಾಗಲಾದರೂ ಆಗಿತ್ತಾ?”

ಯೋಚಿಸಿದಾಗ ನೆನಪಾಯಿತು. “ಸಣ್ಣಾಕಿದ್ದಾಗ ಮೊಣಕೈ ಮಡಿಕ್ಯಾಗ ಇತ್ರೀ. ನಮ್ಮವ್ವ ಸತ್ತ ವರ್ಸ ಭಾಳ ಆಗಿತ್ತು. ಹಾಸಿಗ್ಯಾಗ ರಕ್ತ ಕಾಣ್ತಿತ್ತು. ಆಮ್ಯಾಲೆ ಹೋತು.”

“ಹೋಗಿರಲಿಲ್ಲ, ಸುಮ್ಮನೆ ಕೂತಿತ್ತು. ಇದಕ್ಕೆ ಇಸಬು ಅಂತಾರೆ. ನಿನ್ನ ಮೈಯಲ್ಲೇ ಇರೋದು, ಒಬ್ಬರಿಂದ ಒಬ್ಬರಿಗೆ ಬರೋದಲ್ಲ. ಅದು ಒಂದು ಕಡೆ ಎದ್ದಿತು, ನೀನು ಹೆದರಿದೆ. ಚೌಳು ಹಾಕಿ ತಿಕ್ಕಿದೆ, ಉರಿಯಿತು. ಮತ್ತೆ ಹೆದರಿದೆ. ಯಾವತ್ತು ಜಾಸ್ತಿ ಆಗಿತ್ತು, ಹೇಳು?”

“ಅಳಿಯ ಬಂದು ಹೋದ ದಿನ” ಎಂದಳು ಉಚ್ಚೆಂಗೆಮ್ಮ, ತಡವರಿಸದೆ.

“ನೋಡು” ಎಂದರು ಪಾರಮ್ಮನ ಕಡೆ ತಿರುಗಿ. ಪಾರಮ್ಮ ಗೋಡೆಯ ಮೇಲಿನ ಕ್ಯಾಲೆಂಡರು ನೋಡತೊಡಗಿದಳು.

ಬಿಳಿ ಮುಲಾಮು ಕೊಟ್ಟರು. ಚೌಳು, ಬೂದಿ, ಸುಡುನೀರು ಬೇಡವೇ ಬೇಡ. ತೊಳೆದರೆ ಉಗುರುಬೆಚ್ಚನೆ ನೀರು, ಮೇಲೆ ಕೊಬ್ಬರಿ ಎಣ್ಣೆ. ಹದಿನೈದು ದಿನ ಸಗಣಿ, ಖಾರ, ಮುಸುರೆ ಮುಟ್ಟುವಂತಿಲ್ಲ. ಕೈ ಮಾಗಿದ ಮೇಲೆ ಹೆರಿಗೆ ಮಾಡಿಸಲು ಅಡ್ಡಿಯಿಲ್ಲ. “ಮುಂದೆಯೂ ಆಗಾಗ ಬರುತ್ತೆ, ಹೋಗುತ್ತೆ. ಚಿಂತೆ ಬಿಡು ಅಂತ ನಾನು ಹೇಳೋದಿಲ್ಲ, ಹೇಳಿದರೆ ಯಾರು ಬಿಡ್ತಾರೆ? ಈ ಒಂದನ್ನು ಮಾತ್ರ ಇಲ್ಲೇ ಬಿಟ್ಟುಹೋಗು, ಇದು ಸುಳ್ಳು ಚಿಂತೆ.”

ಬಾಗಿಲ ತನಕ ಹೋದ ಉಚ್ಚೆಂಗೆಮ್ಮ ತಿರುಗಿ ನಿಂತಳು. “ದುರುಗಣ್ಣಗ ಏನಾರ ಐತ್ರೇನು ಔಷಧ?”

“ಹೊಸ ಮಾತ್ರೆ ಬಂದಿದೆ. ವರ್ಷಗಟ್ಟಲೆ ನುಂಗಬೇಕು. ಕರಕೊಂಡು ಬಾ. ಬೆರಳು ತಾಗಿದ ಮಾತ್ರಕ್ಕೆ ಅದು ಬರೋದಿಲ್ಲಮ್ಮಾ, ಅದನ್ನೂ ಊರಲ್ಲಿ ಹೇಳು.”

ಮತ್ತೆ ಬ್ರೂಸ್‌ಪೇಟೆಗೆ ಬಂದು ಬಳೆ ಕೊಂಡರು. ಈ ಸಲ ಉಚ್ಚೆಂಗೆಮ್ಮ ತಾನೇ ಕೈ ಚಾಚಿದಳು. ಬಳೆಗಾರ ಅನುಮಾನಿಸಿದ್ದನ್ನು ಕಂಡು ಪಾರಮ್ಮ, “ಇಸಬು ಅದು. ಡಾಕ್ಟರ ಹೇಳ್ಯಾರ. ಹಿಡಿಯಪ್ಪಾ, ನಿನ್ನ ಕೈ ಏನು ಸವಿಯಂಗಿಲ್ಲ” ಎಂದು ಓಣಿಗೆಲ್ಲ ಕೇಳುವಂತೆ ಗದರಿದಳು.

ಇನ್ನು ಕುಬಸದ್ದು ಒಂದು ತಮಾಷೆ. ಬುಟ್ಟಿಯ ಊಟ ತವರಿನಿಂದಲೇ ಬರಬೇಕು, ತವರಿನವಳು ಹಿಟ್ಟು ನಾದುವಂತಿಲ್ಲ, ಖಾರ ಮುಟ್ಟುವಂತಿಲ್ಲ. ಪಾರಮ್ಮ ಉಪಾಯ ಮಾಡಿದಳು. ಕುರುಗೋಡಿನಲ್ಲೇ ನೆರೆಮನೆಯ ಸಾವಂತ್ರಮ್ಮನ ಒಲೆಯ ಮೇಲೆ ತಾನೇ ಹೋಳಿಗೆ, ಕರ್ಚಿಕಾಯಿ, ಕಾಳುಪಲ್ಯ ಎಲ್ಲ ಮಾಡಿ, ಐದು ಬುಟ್ಟಿ ತುಂಬಿ, ಬಸ್ಸಿಳಿದು ಬಂದ ಬೀಗತಿಯ ಕಡೆಯವರ ತಲೆಯ ಮೇಲಿಟ್ಟಳು. ಅವರು ಒಂದು ಸುತ್ತು ಹಾಕಿ ಮುಂಬಾಗಿಲಿಗೆ ಬಂದಾಗ ತಾನು ಒಳಗಿನಿಂದ ಓಡಿಬಂದು, ಸೆರಗು ಸರಿಮಾಡಿಕೊಂಡು, “ಬರ್ರಿ ಬೀಗತಿ, ಇಷ್ಟ್ಯಾಕ ಮಾಡ್ಕೊಂಡು ಬಂದ್ರೀ!” ಎಂದು ಕಣ್ಣರಳಿಸಿದಳು. ತಾನು ಮಾಡಿದ ಹೋಳಿಗೆಯನ್ನೇ ತಿಂದು, ಕಣಕ ತುಸು ದಪ್ಪವಾಯಿತು ಎಂದೂ ಅಂದಳು.

ಹೊನ್ನೂರಮ್ಮ ಮಾತ್ರ ನಗಲಿಲ್ಲ. ಹಸಿರು ಸೀರೆಯಲ್ಲಿ ತಾಯಿಯ ಕೈ ಮುಂದಿಟ್ಟುಕೊಂಡು ಮುಲಾಮು ಹಚ್ಚುತ್ತ, “ನನ್ನ ಮ್ಯಾಲೆ ಸಿಟ್ಟಾಗೀದಿ ಅನಕೊಂಡಿದ್ನೆವ್ವಾ” ಎಂದಳು. “ದಿನಾ ಅತ್ತೀನಿ.”

“ನಾನೂ ಅತ್ತೀನಿ ಬಿಡು” ಎಂದಳು ಉಚ್ಚೆಂಗೆಮ್ಮ. “ಒಂದ ಊರಾಗ ಕುಂತು ಅತ್ತಿದ್ರ ಬಸ್ ಚಾರ್ಜಾರ ಉಳೀತಿತ್ತು.”

ಮಗಳನ್ನು ಕರೆತಂದ ಮರುದಿನವೇ ದುರುಗಣ್ಣನ ಓಣಿಗೆ ಹೋದಳು. ಕೂಸು ಅಂಬೆಗಾಲಿಟ್ಟು ಹೊಸ್ತಿಲು ದಾಟುತ್ತಿತ್ತು. ಅದನ್ನೆತ್ತಿಕೊಂಡು, ಹಿತ್ತಲ ಗುಡಿಸಲ ಮುಂದೆ ನಿಂತು, ತಾನು ಯಾಕೆ ಇಷ್ಟು ದಿನ ಬರಲಿಲ್ಲವೆಂಬುದನ್ನು ಮುಚ್ಚಿಡದೆ ಹೇಳಿದಳು. ಹೇಳುವಾಗ ನಾಚಿಕೆಯಾಯಿತು. ದುರುಗಣ್ಣ ಬೇಸರ ಮಾಡಿಕೊಳ್ಳಲಿಲ್ಲ. ಮುಂದಿನ ಸೋಮವಾರ ದೊಡ್ಡಬಸಪ್ಪ ಅವನನ್ನು ಗಾಡಿಯಲ್ಲಿ ಬಳ್ಳಾರಿಗೆ ಕರೆದುಕೊಂಡು ಹೋದ.

ಹೆರಿಗೆ ನೋವು ಕಾಣಿಸಿಕೊಂಡದ್ದು ಒಂದು ಮಧ್ಯಾಹ್ನ. ಅಷ್ಟರಲ್ಲಿ ಅಂಗೈ ಬೆರಳುಗಳೆಲ್ಲ ಮಾಗಿ ಹೊಸ ಚರ್ಮ ಬಂದಿತ್ತು. ಪೂರ್ತಿ ಹೋಗಿತ್ತೆಂದರೆ ಸುಳ್ಳಾಗುತ್ತದೆ. ಮುಂಗೈಯ ಮೇಲೆ, ಮೊದಲು ಎದ್ದ ಕಡೆ, ಬಿಲ್ಲೆಯಗಲದ ಒಣ ಕಲೆ ಉಳಿದಿತ್ತು. ಉಚ್ಚೆಂಗೆಮ್ಮ ಬೆಚ್ಚನೆಯ ನೀರಲ್ಲಿ ಸಾಬೂನು ಹಚ್ಚಿ, ಒಂದೇ ಸಲ ನೆಟ್ಟಗೆ ಕೈ ತೊಳೆದು ಒಳಗೆ ಹೋದಳು. ಹೊನ್ನೂರಮ್ಮ ‘ಯವ್ವಾ’ ಎಂದು ಚಾಚಿದಳು. ಚಾಚಿದ ಕೈಯನ್ನು ಹಿಡಿದುಕೊಂಡಳು.

ಹೊತ್ತು ಇಳಿಯುವ ಮುಂಚೆ ಕೂಸು ಹೊರಬಂದು ಆಕೆಯ ಎರಡು ಅಂಗೈ ತುಂಬ ಬಿದ್ದಿತು. ಹೆಣ್ಣು. ಬೆಚ್ಚಗೆ, ಜಾರುತ್ತ, ಸಿಟ್ಟಿನಿಂದ ಕೆಂಪಾಗಿ ಕಿರುಚಿತು. ಅದೇ ಹೊತ್ತಿಗೆ ಮುಂಗೈಯ ಆ ಕಲೆ ಚುರುಚುರು ಎಂದಿತು. ಉಚ್ಚೆಂಗೆಮ್ಮ ನಗತೊಡಗಿದಳು. ನಗು ನಿಲ್ಲಲೊಲ್ಲದು, ಕಣ್ಣಲ್ಲಿ ನೀರು.

“ಯಾಕವ್ವಾ?” ಎಂದಳು ಹೊನ್ನೂರಮ್ಮ, ಸುಸ್ತಾಗಿ.

“ಕೈ ತುರಿಸಾಕತ್ತೈತಿ.”

“ಕೆರಕೋಬಾರದಾ?”

“ಹೆಂಗ ಕೆರಕೊಳ್ಲೇ?” ಎಂದಳು ಉಚ್ಚೆಂಗೆಮ್ಮ, ಮೊಮ್ಮಗಳನ್ನು ಎದೆಗೆ ತಂದುಕೊಳ್ಳುತ್ತ. “ಎರಡೂ ಕೈ ತುಂಬೈತಲ್ಲ. ತುರಿಸ್ಲಿ ಬಿಡು.”